ಬಿತ್ತಗಿ ಡ್ರಿಲ್ಲಿನ ರೋಲರ್ ಊರಲ್ಲೇ ಮಾಡ್ಕೊಳ್ಳಿ: ಸಣ್ಣ ಸಿಎನ್‌ಸಿಗೆ ರೋಟರಿ ಬೇಕೋ ಬ್ಯಾಡೋ, ಬೇಕಾದ್ರ ಸೆಟ್ಟಿಂಗ್ ಹೆಂಗ?

ಗೋವಿನಜೋಳ ಬಿತ್ತಿ ವಾರ ಕಳೆದ ಮೇಲೆ ಹೊಲಕ್ಕೆ ಹೋಗಿ ನೋಡಿದರೆ ಒಂದು ಕಡೆ ಎರಡೆರಡು ಮೊಳಕೆ, ಇನ್ನೊಂದು ಕಡೆ ಮೊಳ ಉದ್ದ ಖಾಲಿ. ಬೀಜ ಕೆಟ್ಟದ್ದು ಅಂತ ಬೈಯೋ ಮೊದಲು ಡ್ರಿಲ್ಲಿನ ಪೆಟ್ಟಿಗೆಯೊಳಗೆ ಇಣುಕಿ ನೋಡ್ರಿ. ಎಷ್ಟೋ ಸಲ ತಪ್ಪು ಬೀಜದ್ದಲ್ಲ, ಬೀಜ ಎತ್ತಿ ಕೊಡುವ ರೋಲರ್ ಇಲ್ಲವೇ ಪ್ಲೇಟಿನದು. ಕುಳಿ ಸವೆದಿರುತ್ತದೆ, ಅಥವಾ ಆ ಕುಳಿ ನಮ್ಮ ಬೀಜದ ಅಳತೆಯದ್ದೇ ಆಗಿರುವುದಿಲ್ಲ. ಅಷ್ಟರೊಳಗೆ ಮಿರಗದ ಹಸಿ ಹೋಗಿರುತ್ತದೆ. ಮತ್ತೆ ಬಿತ್ತಿದರೂ ಮೊದಲಿನ ಬೆಳೆ ಬರುವುದಿಲ್ಲ.

ಹಾನಗಲ್ಲ, ಶಿಗ್ಗಾಂವ, ಸವಣೂರು, ಹಿರೇಕೆರೂರು ಭಾಗದ ಕೆಲವು ಹುಡುಗರು ಈಗ ಹವ್ಯಾಸದ ಸಿಎನ್‌ಸಿ ಮಷಿನ್ ಬಗ್ಗೆ ಕೇಳುತ್ತಿದ್ದಾರೆ. ಬೋರ್ಡು, ನಾಮಫಲಕ ಕೊರೆಯುವ ಆ ಮೇಜಿನ ಮೇಲಿನ ಮಷಿನ್ನಿನಲ್ಲೇ ರೋಲರ್ ಮಾಡಬಹುದೇ? ಜೊತೆಗೆ ಮಾರುವ 'ರೋಟರಿ' ತಗೋಬೇಕೇ? ಮಾಡಬಹುದು. ಆದರೆ ರೋಟರಿ ಎಲ್ಲರಿಗೂ ಬೇಕಿಲ್ಲ. ಬೇಕಾದವರು ಕೆಲವು ನಂಬರ್ ಸರಿಯಾಗಿ ಹಾಕಿದರೆ ಸಾಕು, ತಪ್ಪಿದರೆ ಅದು ಹೊಲದಲ್ಲೇ ಗೊತ್ತಾಗುವುದು. ಈ ವಾರ ಅದನ್ನೇ ಹಂತ ಹಂತವಾಗಿ ನೋಡೋಣ.

ಮೊದಲು ಡ್ರಿಲ್ ನೋಡ್ರಿ, ಆಮೇಲೆ ಮಷಿನ್

ನಮ್ಮ ಹಳೆಯ ಕೂರಿಗೆಯಲ್ಲಿ ಅಂತರ ಕಾಯುವುದು ಬಟ್ಟಲಿಗೆ ಕಾಳು ಬಿಡುವ ಕೈ. ಟ್ರ್ಯಾಕ್ಟರ್ ಡ್ರಿಲ್ಲಿನಲ್ಲಿ ಆ ಕೈಯ ಕೆಲಸ ಮಾಡುವುದು ಎರಡರಲ್ಲಿ ಒಂದು ಭಾಗ:

1. ಓರೆಯಾಗಿ ಕೂತ ಚಪ್ಪಟೆ ಪ್ಲೇಟ್. ಅಂಚಿನಲ್ಲಿ ಕುಳಿ ಇರುತ್ತವೆ. ಗೋವಿನಜೋಳ, ಶೇಂಗಾದಂಥ ದಪ್ಪ ಕಾಳಿಗೆ ಬರುವ ಪ್ಲಾಂಟರ್‌ಗಳಲ್ಲಿ ಇದೇ ಹೆಚ್ಚು.
2. ಉರುಳೆಯಾಕಾರದ ರೋಲರ್. ಮೈಮೇಲೆ ಸುತ್ತಲೂ ಕುಳಿ ಅಥವಾ ಉದ್ದುದ್ದ ಗಾಡಿ ಇರುತ್ತವೆ.

ನಿಮ್ಮ ಡ್ರಿಲ್ಲಿನಲ್ಲಿ ಚಪ್ಪಟೆ ಪ್ಲೇಟ್ ಇದ್ದರೆ ರೋಟರಿಗೆ ಒಂದು ರೂಪಾಯಿಯನ್ನೂ ಹಾಕಬ್ಯಾಡ್ರಿ. ಎಕ್ಸ್, ವೈ, ಝಡ್ ಮೂರು ದಿಕ್ಕು ಓಡುವ ಸಾದಾ ಮಷಿನ್ ಸಾಕು. ಶೀಟ್ ಬಿಗಿದು ದುಂಡಗೆ ಕತ್ತರಿಸಿ ಕುಳಿ ಕೊರೆದರೆ ಕೆಲಸ ಮುಗಿಯಿತು.

ರೋಲರ್ ಇದ್ದರೆ ಮಾತ್ರ ರೋಟರಿಯ ಪ್ರಶ್ನೆ. ಅಲ್ಲಿಯೂ ವರ್ಷಕ್ಕೆ ಒಂದೆರಡು ರೋಲರ್ ಸಾಕೆನ್ನುವವರಿಗೆ ಲೇತ್‌ನವರ ಹತ್ತಿರ ಗುಂಡಿ ಹಾಕಿದ ಇಂಡೆಕ್ಸ್ ತಟ್ಟೆ ಮತ್ತು ಲಾಕ್ ಪಿನ್ ಮಾಡಿಸಿ, ಕೈಯಿಂದ ತಿರುಗಿಸಿ ಕೊರೆಯುವುದೇ ಅಗ್ಗ. ನಾಲ್ಕೈದು ಬೆಳೆ, ನಾಲ್ಕೈದು ಗೆಳೆಯರ ಡ್ರಿಲ್, ಪ್ರತಿ ಹಂಗಾಮಿಗೆ ಬೇರೆ ಅಳತೆ ಎಂದಾಗ ರೋಟರಿ ಲಾಭಕ್ಕೆ ಬರುತ್ತದೆ.

ಪಕ್ಕದ ಧಾರವಾಡ ಜಿಲ್ಲೆಯ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರು ಬೀಜ-ಗೊಬ್ಬರ ಒಟ್ಟಿಗೆ ಬಿತ್ತುವ ಕೂರಿಗೆಯಂಥ ಉಪಕರಣಗಳನ್ನು ಊರಲ್ಲೇ ಮಾಡಿ 2022ರಲ್ಲಿ ಪದ್ಮಶ್ರೀ ಪಡೆದರು. ರೈತನೇ ತನ್ನ ಹೊಲಕ್ಕೆ ತಕ್ಕ ಯಂತ್ರ ಮಾಡಿಕೊಳ್ಳುವುದು ನಮ್ಮ ಸೀಮೆಗೆ ಹೊಸದಲ್ಲ. ಕೈಯಲ್ಲಿರುವ ಉಪಕರಣ ಬದಲಾಗಿದೆ ಅಷ್ಟೆ.

ಎಷ್ಟು ಕುಳಿ? ಲೆಕ್ಕ ಇಲ್ಲಿಂದ ಶುರು

ಗೋವಿನಜೋಳಕ್ಕೆ ಸಾಲಿನಿಂದ ಸಾಲಿಗೆ 60 ಸೆಂ.ಮೀ., ಗಿಡದಿಂದ ಗಿಡಕ್ಕೆ 20 ಸೆಂ.ಮೀ. ಸಾಮಾನ್ಯ ಶಿಫಾರಸು. ಇದು ಎಕರೆಗೆ ಸುಮಾರು 33,700 ಗಿಡ.

ಡ್ರಿಲ್ಲಿನ ಗಾಲಿಯ ಸುತ್ತಳತೆಯನ್ನು ಟೇಪಿನಿಂದ ಸುತ್ತಿ ಅಳೀಬ್ಯಾಡ್ರಿ. ಹೊಲದ ಮಣ್ಣಿನಲ್ಲೇ 10 ಸುತ್ತು ಉರುಳಿಸಿ, ಹೋದ ದೂರವನ್ನು 10ರಿಂದ ಭಾಗಿಸ್ರಿ. ಎರಿ ಮಣ್ಣಿನಲ್ಲಿ ಗಾಲಿ ಹೂತು ಜಾರುವುದರಿಂದ ಎರಡು ಅಳತೆಗೂ ವ್ಯತ್ಯಾಸ ಬರುತ್ತದೆ.

ಉದಾಹರಣೆಗೆ ಒಂದು ಸುತ್ತಿಗೆ 125.7 ಸೆಂ.ಮೀ. ಬಂತು ಅಂತ ಇಟ್ಟುಕೊಳ್ಳಿ. ಚೈನು-ಸ್ಪ್ರಾಕೆಟ್ ನೋಡಿದರೆ ಗಾಲಿ ಎರಡು ಸುತ್ತು ತಿರುಗಿದಾಗ ರೋಲರ್ ಒಂದು ಸುತ್ತು. ಅಂದರೆ ರೋಲರ್ ಒಂದು ಸುತ್ತಿಗೆ ಡ್ರಿಲ್ 251.4 ಸೆಂ.ಮೀ. ಮುಂದೆ ಹೋಗುತ್ತದೆ. ಇದನ್ನು 20ರಿಂದ ಭಾಗಿಸಿದರೆ 12.57. ಅರ್ಧ ಕುಳಿ ಮಾಡಲು ಬರುವುದಿಲ್ಲ, ಹಾಗಾಗಿ 12 ಅಥವಾ 13:

- 12 ಕುಳಿ: ಕಾಳಿನಿಂದ ಕಾಳಿಗೆ 20.95 ಸೆಂ.ಮೀ., ಎಕರೆಗೆ ಸುಮಾರು 32,200 ಕಾಳು
- 13 ಕುಳಿ: 19.34 ಸೆಂ.ಮೀ., ಎಕರೆಗೆ ಸುಮಾರು 34,900 ಕಾಳು

ಹಾಕಿದ ಕಾಳೆಲ್ಲ ಹುಟ್ಟುವುದಿಲ್ಲವಾದ್ದರಿಂದ 13 ವಾಸಿ.

ಕುಳಿಯ ಅಳತೆಗೆ ಬೀಜೋಪಚಾರ ಮಾಡಿ ಒಣಗಿಸಿದ 50 ಕಾಳು ತಗೊಂಡು ವರ್ನಿಯರ್‌ನಿಂದ ಉದ್ದ, ಅಗಲ, ದಪ್ಪ ಬರೆದುಕೊಳ್ಳಿ. ಔಷಧದ ಲೇಪ ಬಿದ್ದ ಕಾಳಿನ ಅಳತೆ ಬೇರೆ, ಹಸಿ ಕಾಳಿನದು ಬೇರೆ. ಕುಳಿಯ ಅಗಲ ಅತಿ ದೊಡ್ಡ ಕಾಳಿಗಿಂತ ಸುಮಾರು 10ರಷ್ಟು ಪ್ರತಿಶತ ಹೆಚ್ಚು, ಆಳ ಕಾಳಿನ ದಪ್ಪದಷ್ಟು ಇರಲಿ. ದೊಡ್ಡ ಕಾಳು 11 ಮಿ.ಮೀ. ಇದ್ದರೆ 12 ಮಿ.ಮೀ. ಕುಳಿ. ಆಳ ಹೆಚ್ಚಾದರೆ ಎರಡು ಕಾಳು ಕೂರುತ್ತವೆ, ಕಡಿಮೆಯಾದರೆ ಬ್ರಷ್ಷು ಇದ್ದ ಕಾಳನ್ನೂ ತಳ್ಳಿಬಿಡುತ್ತದೆ.

ಈಗ ರೋಲರಿನ ವ್ಯಾಸ. 60 ಮಿ.ಮೀ. ರೋಲರಿಗೆ 13 ಕುಳಿ ಹಾಕಿದರೆ ಎರಡು ಕುಳಿಗಳ ನಡುವೆ ಉಳಿಯುವ ಗೋಡೆ ಬರೀ 2.5 ಮಿ.ಮೀ. 75 ಮಿ.ಮೀ. ಆದರೆ ಸುಮಾರು 6 ಮಿ.ಮೀ. ಡ್ರಿಲ್ಲಿನ ಪೆಟ್ಟಿಗೆಯಲ್ಲಿ ಜಾಗ ಇದ್ದರೆ 75 ತಗೋರಿ. ಜಾಗ ಇಲ್ಲದಿದ್ದರೆ ಸ್ಪ್ರಾಕೆಟ್ ಬದಲಿಸಿ ಕುಳಿ ಕಡಿಮೆ ಮಾಡ್ರಿ.

ಮಷಿನ್ ತಗೊಳ್ಳುವಾಗ ಮೂರು ಪ್ರಶ್ನೆ

ಒಂದು, ಎತ್ತರ ಸಾಕಾಗುತ್ತದೆಯೇ? ರೋಟರಿ ಚಕ್ಕಿನ ನಡುಮಧ್ಯದ ಎತ್ತರ, ರೋಲರಿನ ಅರ್ಧ ವ್ಯಾಸ, ಹೊರಗೆ ಚಾಚಿದ ಬಿಟ್ಟಿನ ಉದ್ದ, ಮೂರನ್ನೂ ಕೂಡಿಸ್ರಿ. 65 + 37.5 + 40 ಅಂದರೆ 142.5 ಮಿ.ಮೀ. ಸ್ಪಿಂಡಲ್ ಕೆಳಗೆ ಇಷ್ಟರ ಮೇಲೆ ಇನ್ನೊಂದಿಷ್ಟು ಜಾಗ ಬೇಕು. 3018 ಎಂಬ ಚಿಕ್ಕ ಮಷಿನ್ನಿನಲ್ಲಿ ಇದು ಕೂರುವುದಿಲ್ಲ. ಅದು ಕಲಿಯಲು, ತೆಳು ಪ್ಲೇಟ್ ಮಾಡಲು ಸರಿ. ರೋಲರಿಗೆ 6040 ಗಾತ್ರದ ಮಷಿನ್ ನೋಡ್ರಿ.

ಎರಡು, ಬೋರ್ಡು ನಿಜವಾಗಿ ನಾಲ್ಕು ಆ್ಯಕ್ಸಿಸ್ ಓಡಿಸುತ್ತದೆಯೇ? ಇಲ್ಲೇ ಬಹಳ ಜನ ಎಡವುವುದು. ಆರ್ಡುಯಿನೋ ಊನೋ ಮೇಲೆ ಕೂರುವ ಸಿಎನ್‌ಸಿ ಶೀಲ್ಡಿನಲ್ಲಿ 'ಎ' ಅಂತ ನಾಲ್ಕನೇ ಸಾಕೆಟ್ ಇರುತ್ತದೆ. ಅದನ್ನು ನೋಡಿ ನಾಲ್ಕನೇ ಆ್ಯಕ್ಸಿಸ್ ಬಂತು ಅನ್ಕೋಬ್ಯಾಡ್ರಿ. ಅದರಲ್ಲಿ ಓಡುವ ಸಾದಾ ಜಿಆರ್‌ಬಿಎಲ್ ಮೂರು ಆ್ಯಕ್ಸಿಸ್ಸಿನದು. ಆ ಸಾಕೆಟ್ ಜಂಪರ್ ಹಾಕಿ ಇನ್ನೊಂದು ಆ್ಯಕ್ಸಿಸ್ಸಿನ ನಕಲು ಮಾಡಲಿಕ್ಕೆ ಇದೆ. ಸ್ವತಂತ್ರವಾಗಿ ನಾಲ್ಕು ಬೇಕಾದರೆ ಜಿಆರ್‌ಬಿಎಲ್ ಹ್ಯಾಲ್, ಫ್ಲುಯಿಡ್ ಎನ್‌ಸಿ, ಲಿನಕ್ಸ್ ಸಿಎನ್‌ಸಿ ಅಥವಾ ಮ್ಯಾಕ್ 3 ಓಡುವ ಬೋರ್ಡು ಕೇಳ್ರಿ.

ಮೂರು, ರೋಟರಿಯ ಗೇರ್ ಅನುಪಾತ ಎಷ್ಟು? ಮೋಟಾರು ಎಷ್ಟು ಸುತ್ತು ತಿರುಗಿದರೆ ಚಕ್ಕು ಒಂದು ಸುತ್ತು ತಿರುಗುತ್ತದೆ ಎಂಬುದು. ಬೆಲ್ಟಿನ ರೋಟರಿಯಲ್ಲಿ 4 ಅಥವಾ 6 ಸಾಮಾನ್ಯ. ಮಾರುವವರ ಮಾತಿನ ಮೇಲೆ ಬಿಡದೆ ಪುಲ್ಲಿಯ ಹಲ್ಲು ನೀವೇ ಎಣಿಸ್ರಿ.

ಮುಖ್ಯ ನಂಬರ್: ಒಂದು ಡಿಗ್ರಿಗೆ ಎಷ್ಟು ಸ್ಟೆಪ್

ಉದ್ದಕ್ಕೆ ಓಡುವ ಆ್ಯಕ್ಸಿಸ್ಸಿಗೆ ಮಿ.ಮೀ. ಲೆಕ್ಕ, ರೋಟರಿಗೆ ಡಿಗ್ರಿ ಲೆಕ್ಕ. ಸಾದಾ ಸ್ಟೆಪರ್ ಮೋಟಾರು ಸುತ್ತಿಗೆ 200 ಸ್ಟೆಪ್. ಡ್ರೈವರಿನ ಸ್ವಿಚ್ಚು 16 ಮೈಕ್ರೋಸ್ಟೆಪ್ಪಿಗೆ ಇದ್ದರೆ 200 × 16 = 3,200.

- 5 ಮಿ.ಮೀ. ಲೀಡಿನ ಬಾಲ್‌ಸ್ಕ್ರೂ: 3,200 ÷ 5 = 640, ಒಂದು ಮಿ.ಮೀ.ಗೆ
- 6:1 ರೋಟರಿ: 3,200 × 6 ÷ 360 = 53.333, ಒಂದು ಡಿಗ್ರಿಗೆ
- 4:1 ರೋಟರಿ: 3,200 × 4 ÷ 360 = 35.556, ಒಂದು ಡಿಗ್ರಿಗೆ

ಈ ದಶಮಾಂಶವನ್ನು ಬಿಡಬ್ಯಾಡ್ರಿ. 53.333 ಬದಲು ಬರೀ 53 ಹಾಕಿದರೆ ಪೂರ್ತಿ ಸುತ್ತಿಗೆ 120 ಸ್ಟೆಪ್ ಕಡಿಮೆ ಬೀಳುತ್ತದೆ, ಅಂದರೆ 2.25 ಡಿಗ್ರಿ. 75 ಮಿ.ಮೀ. ರೋಲರಿನ ಮೈಮೇಲೆ ಅದು ಸುಮಾರು ಒಂದೂವರೆ ಮಿ.ಮೀ. ಒಂದೇ ಸುತ್ತಿಗೆ ಮುಗಿದರೆ ಅಷ್ಟು ನಷ್ಟ ಇಲ್ಲ. ಆದರೆ ಕುಳಿಯನ್ನು ಮೂರು ಸಲ ಸ್ವಲ್ಪ ಸ್ವಲ್ಪ ಆಳ ಮಾಡುತ್ತಾ, ರೋಲರನ್ನು ಒಂದೇ ದಿಕ್ಕಿಗೆ ತಿರುಗಿಸುತ್ತಾ ಹೋದರೆ ಪ್ರತಿ ಸುತ್ತಿಗೂ ಕುಳಿ ಒಂದೂವರೆ ಮಿ.ಮೀ. ಸರಿಯುತ್ತದೆ. ದುಂಡು ಕುಳಿ ಉದ್ದುದ್ದ ಆಗುತ್ತದೆ. ಉದ್ದ ಕುಳಿಯಲ್ಲಿ ಎರಡು ಕಾಳು ಕೂರುತ್ತವೆ. ಹೊಲದಲ್ಲಿ ಜೋಡಿ ಮೊಳಕೆ ಬರುವುದು ಹಿಂಗ.

ಪರೀಕ್ಷೆ ಸುಲಭ. ಚಕ್ಕಿನ ಮೇಲೆ ಒಂದು ಗೆರೆ, ಎದುರಿಗೆ ಬಾಡಿಯ ಮೇಲೆ ಒಂದು ಗೆರೆ ಕೊರೆಯಿರಿ. 3,600 ಡಿಗ್ರಿ, ಅಂದರೆ ಹತ್ತು ಸುತ್ತು ತಿರುಗಿಸ್ರಿ. ಗೆರೆಗೆ ಗೆರೆ ಕೂಡಿದರೆ ನಂಬರ್ ಸರಿ. 53 ಹಾಕಿದ್ದರೆ 22.5 ಡಿಗ್ರಿ ಹಿಂದೆ ನಿಂತಿರುತ್ತದೆ, ಕಣ್ಣಿಗೇ ಕಾಣುತ್ತದೆ. ಈ ಎರಡು ಗೆರೆ ಅಳಿಸಬ್ಯಾಡ್ರಿ, ಮುಂದೆ ಕರೆಂಟು ಹೋದಾಗ ಬೇಕಾಗುತ್ತವೆ.

ಮೂರು ಆ್ಯಕ್ಸಿಸ್ ಬೋರ್ಡಿನಲ್ಲೇ ರೋಟರಿ ಓಡಿಸುವುದು

ಇರುವ ಬೋರ್ಡು ಮೂರರದ್ದೇ ಆದರೂ ದಾರಿ ಇದೆ. ವೈ ಮೋಟಾರಿನ ಕೇಬಲ್ ತೆಗೆದು ಆ ಜಾಗಕ್ಕೆ ರೋಟರಿ ಕೇಬಲ್ ಹಾಕುವುದು. ಆಗ ಮಷಿನ್ 'ವೈ 1 ಮಿ.ಮೀ.' ಅಂದರೆ ರೋಟರಿ 1 ಡಿಗ್ರಿ ತಿರುಗುತ್ತದೆ.

ಗಟ್ಟಿಯಾಗಿ ನೆನಪಿಡಿ: ಕರೆಂಟು ಇರುವಾಗ ಮೋಟಾರಿನ ಕೇಬಲ್ ಕಿತ್ತರೆ ಡ್ರೈವರ್ ಸುಡುತ್ತದೆ. ಸ್ವಿಚ್ ಆಫ್ ಮಾಡಿ, ದೀಪ ಆರುವ ತನಕ ಕಾದು, ಆಮೇಲೆ ಕೈ ಹಾಕ್ರಿ.

ಜಿಆರ್‌ಬಿಎಲ್ 1.1ರಲ್ಲಿ ಎರಡು ಚೀಟಿ ಮಾಡಿ ಮಷಿನ್ ಪಕ್ಕ ಅಂಟಿಸ್ರಿ, ಫೋನಿನಲ್ಲೂ ಫೋಟೊ ಇರಲಿ. ಬದಲಿಸುವ ಮೊದಲು $$ ಕೊಟ್ಟು ಈಗಿನ ಸೆಟ್ಟಿಂಗ್ ಪೂರ್ತಿ ಉಳಿಸಿಕೊಳ್ಳಿ.

ರೋಟರಿ ಚೀಟಿ:
- $22=0. ಹೋಮಿಂಗ್ ಬಂದ್. ಇಲ್ಲದಿದ್ದರೆ ರೋಟರಿ ಇಲ್ಲದ ಸ್ವಿಚ್ಚನ್ನು ಹುಡುಕುತ್ತಾ ತಿರುಗಿ ಅಲಾರಂಗೆ ನಿಲ್ಲುತ್ತದೆ. ಇದರ ಜೊತೆಗೇ ಸಾಫ್ಟ್ ಲಿಮಿಟ್ಟೂ ಬಂದ್ ಆಗುತ್ತದೆ.
- $101=53.333. ನಿಮ್ಮ ರೋಟರಿಯ ಲೆಕ್ಕ ಹಾಕ್ರಿ.
- $111=1500, $121=100. ನಿಧಾನದಿಂದ ಶುರು ಮಾಡಿ, ಸ್ಟೆಪ್ ತಪ್ಪದಿದ್ದರೆ ಏರಿಸ್ರಿ.
- $1=255. ಮೋಟಾರು ಸದಾ ಹಿಡಿದೇ ಇರಲಿ. ಇಲ್ಲದಿದ್ದರೆ ಬಿಟ್ಟು ತಾಗಿದೊಡನೆ ರೋಲರ್ ಜಾರುತ್ತದೆ.

ಸಾದಾ ಚೀಟಿ:
- $101=640, $111, $121, $1 ನೀವು ಉಳಿಸಿಕೊಂಡ ಹಳೆಯ ನಂಬರ್.
- ಮೊದಲು $22=1, ಆಮೇಲೆ $20=1. ತಿರುವುಮುರುವು ಮಾಡಿದರೆ ಬೋರ್ಡು ಎರರ್ ಕೊಡುತ್ತದೆ. ಹೋಮಿಂಗ್ ಇಲ್ಲದೆ ಸಾಫ್ಟ್ ಲಿಮಿಟ್ ತಗೊಳ್ಳುವುದಿಲ್ಲ.

ಕೇಬಲ್ ಬದಲಾದಾಗ ವೈ ಸ್ಕ್ರೂ ಹಿಡಿತ ಬಿಡುತ್ತದೆ, ಕೈ ತಾಗಿದರೂ ಸರಿಯುತ್ತದೆ. ಬಿಟ್ಟನ್ನು ರೋಲರಿನ ನಡುಮಧ್ಯಕ್ಕೆ ತಂದ ಮೇಲೆ ಕ್ಲ್ಯಾಂಪ್ ಹಾಕಿ ಬಿಗೀರಿ.

ಇದಕ್ಕೊಂದು ಮಿತಿ ಇದೆ. ವೈ ಇಲ್ಲದ್ದರಿಂದ ಸಣ್ಣ ಬಿಟ್ಟಿನಲ್ಲಿ ಸುತ್ತಾಡಿಸಿ ದೊಡ್ಡ ಕುಳಿ ಮಾಡುವುದು ಕಷ್ಟ. ಕುಳಿಯಷ್ಟೇ ಅಗಲದ ದುಂಡು ಮೂತಿಯ ಬಿಟ್ ನೇರವಾಗಿ ಇಳಿಸಬೇಕು. 12 ಮಿ.ಮೀ. ದುಂಡು ಬಿಟ್ 5 ಮಿ.ಮೀ. ಆಳ ಇಳಿದರೆ ಮೇಲೆ ಹತ್ತಿರ ಹತ್ತಿರ 12 ಮಿ.ಮೀ. ಅಗಲ ಬರುತ್ತದೆ, ಅಷ್ಟು ಸಾಕು. ಒಂದೊಂದು ಬೆಳೆಗೆ ಒಂದೊಂದು ಬಿಟ್ ಕೊಳ್ಳುವುದು ಬೇಡ ಅನ್ನುವವರು ನಾಲ್ಕು ಆ್ಯಕ್ಸಿಸ್ ಬೋರ್ಡಿಗೇ ಹೋಗ್ರಿ. ಜಿಆರ್‌ಬಿಎಲ್ ಹ್ಯಾಲ್‌ನಲ್ಲಿ ರೋಟರಿಯ ಸ್ಟೆಪ್ $103ರಲ್ಲಿ ಕೂರುತ್ತದೆ, ವೈ ಸೆಟ್ಟಿಂಗ್ ಮುಟ್ಟುವುದೇ ಬೇಡ. ರೋಟರಿ ಬೇಡವಾದ ದಿನ ಅದನ್ನು ಎತ್ತಿಟ್ಟರೆ ಆಯಿತು.

ನೆಟ್ಟಗೆ ಕೂರಿಸುವುದು

ನಂಬರ್ ಎಷ್ಟೇ ಸರಿ ಇದ್ದರೂ ರೋಟರಿ ಸೊಟ್ಟ ಕೂತರೆ ಒಂದು ತುದಿಯ ಕುಳಿ ಆಳ, ಇನ್ನೊಂದು ತುದಿಯದು ಮೇಲೆ. ನೇರವಾದ ದುಂಡು ಸರಳನ್ನು ಚಕ್ಕಿಗೂ ಹಿಂದಿನ ಟೇಲ್‌ಸ್ಟಾಕಿಗೂ ಹಿಡಿಸಿ, ಸ್ಪಿಂಡಲ್ಲಿಗೆ ಡಯಲ್ ಗೇಜ್ ಕಟ್ಟಿ ಎರಡು ಸಲ ಓಡಿಸ್ರಿ: ಸರಳಿನ ನೆತ್ತಿಯ ಮೇಲೊಮ್ಮೆ, ಪಕ್ಕದ ಮೈಗೊಮ್ಮೆ. ನೆತ್ತಿಯಲ್ಲಿ ಮುಳ್ಳು ಸರಿದರೆ ಕೆಳಗೆ ತೆಳು ತಗಡು ಕೊಡ್ರಿ. ಪಕ್ಕದಲ್ಲಿ ಸರಿದರೆ ಬೋಲ್ಟ್ ಸಡಿಲಿಸಿ ತಿರುಗಿಸ್ರಿ.

ಝಡ್ ಸೊನ್ನೆಯನ್ನು ರೋಲರಿನ ಮೇಲ್ಮೈಗೆ ಇಡುವುದಕ್ಕಿಂತ ರೋಟರಿಯ ನಡುಮಧ್ಯಕ್ಕೆ ಇಡುವುದು ಒಳ್ಳೆಯದು. ಆಗ ರೋಲರಿನ ವ್ಯಾಸ ಬದಲಾದರೂ ಸೊನ್ನೆ ಬದಲಾಗುವುದಿಲ್ಲ. 75 ಮಿ.ಮೀ. ರೋಲರಿನ ಮೈ 37.5ರಲ್ಲಿ ಇರುತ್ತದೆ, 5 ಮಿ.ಮೀ. ಆಳಕ್ಕೆ 32.5ಕ್ಕೆ ಇಳಿಸಬೇಕು.

ಆಟ ಎಷ್ಟಿದೆ ನೋಡುವುದಕ್ಕೆ ಚಕ್ಕಿಗೆ ಒಂದು ಪಟ್ಟಿ ಹಿಡಿಸಿ, ನಡುವಿನಿಂದ 50 ಮಿ.ಮೀ. ದೂರದಲ್ಲಿ ಡಯಲ್ ಗೇಜ್ ಇಡ್ರಿ. ಮುಂದಕ್ಕೆ 5 ಡಿಗ್ರಿ, ಹಿಂದಕ್ಕೆ 5 ಡಿಗ್ರಿ. ಮುಳ್ಳು ಮೊದಲಿನ ಜಾಗಕ್ಕೆ ಬರದೆ 0.1 ಮಿ.ಮೀ. ಉಳಿದರೆ 0.11 ಡಿಗ್ರಿ ಆಟ ಇದೆ ಅಂತ. ಬೀಜದ ಕುಳಿಗೆ ಅದು ನಡೆಯುತ್ತದೆ. ಹೆಚ್ಚಿದ್ದರೆ ಬೆಲ್ಟ್ ಬಿಗೀರಿ. ಜಿಆರ್‌ಬಿಎಲ್‌ನಲ್ಲಿ ಆಟ ಸರಿದೂಗಿಸುವ ಸೆಟ್ಟಿಂಗ್ ಇಲ್ಲ. ಹಾಗಾಗಿ ಪ್ರತಿ ಕುಳಿಗೂ ಒಂದೇ ದಿಕ್ಕಿನಿಂದ ಬಂದು ನಿಲ್ಲುವಂತೆ ಪ್ರೋಗ್ರಾಂ ಬರೀರಿ. ಸೊನ್ನೆಗೆ ವಾಪಸ್ ಬರುವಾಗ 5 ಡಿಗ್ರಿ ಹಿಂದಕ್ಕೆ ಹೋಗಿ, ಮುಂದಕ್ಕೆ ಬಂದು ನಿಲ್ಲಲಿ.

ಪ್ರೋಗ್ರಾಂ ಫೋನಿನಲ್ಲೇ ಬರೀಬಹುದು

ಇಂಥ ರೋಲರಿಗೆ ದೊಡ್ಡ ಸಾಫ್ಟ್‌ವೇರ್ ಬೇಡ. ತಿರುಗು, ಇಳಿ, ಏರು. ಈ ಮೂರೇ ಸಾಲು 13 ಸಲ. 360 ಅನ್ನು 13ರಿಂದ ಭಾಗಿಸಿದರೆ 27.692. ಪ್ರತಿ ಸಲ 'ಇನ್ನು 27.7 ತಿರುಗು' ಅಂತ ಬರೆದರೆ ತಪ್ಪು ಕೂಡುತ್ತಾ ಹೋಗುತ್ತದೆ. ಸೊನ್ನೆಯಿಂದ ಎಷ್ಟು ಅಂತ ಬರೀರಿ: 0, 27.692, 55.385, 83.077, ಹೀಗೆ ಕೊನೆಯದು 332.308.

ಒಟಿಜಿ ಕೇಬಲ್ಲಿನಿಂದ ಆ್ಯಂಡ್ರಾಯ್ಡ್ ಫೋನನ್ನೇ ಮಷಿನ್ನಿಗೆ ಜೋಡಿಸುವ ಆ್ಯಪ್‌ಗಳಿವೆ. ಹಾಗೆ ಮಾಡುವವರು ಫೋನನ್ನು ಏರ್‌ಪ್ಲೇನ್ ಮೋಡಿಗೆ ಹಾಕಿ, ಸ್ಕ್ರೀನ್ ಆರದಂತೆ ಇಟ್ಟು, ಬ್ಯಾಟರಿ ಪೂರ್ತಿ ತುಂಬಿಸಿ ಶುರು ಮಾಡ್ರಿ. ನಡುವೆ ಕಾಲ್ ಬಂದು ಆ್ಯಪ್ ನಿಂತರೆ ಬಿಟ್ಟು ರೋಲರಿನೊಳಗೇ ನಿಲ್ಲಬಹುದು.

ಮೊದಲ ರೋಲರನ್ನು ಮರದಲ್ಲಿ ಮಾಡ್ರಿ. ಅದು ಹೊಂದಿದ ಮೇಲೆ ಅಸಿಟಾಲ್ ಅಥವಾ ಎಚ್‌ಡಿಪಿಇ ಸರಳಿಗೆ ಕೈ ಹಾಕ್ರಿ. ನೈಲಾನ್ ಹಸಿ ಹೀರಿ ಉಬ್ಬುತ್ತದೆ, ಮಳೆಗಾಲದಲ್ಲಿ ಪೆಟ್ಟಿಗೆಗೆ ಬಿಗಿಯಾಗಿ ಸಿಕ್ಕಿಕೊಳ್ಳಬಹುದು.

ಕರೆಂಟು ಮತ್ತು ಕೈ

ಕೆಲಸದ ನಡುವೆ ಕರೆಂಟು ಹೋದರೆ ಬೋರ್ಡಿಗೆ ತಾನೆಲ್ಲಿದ್ದೆ ಅನ್ನುವುದು ಮರೆತುಹೋಗುತ್ತದೆ. ಆಗ ಚಕ್ಕಿನ ಮೇಲೆ ಕೊರೆದ ಗೆರೆಯನ್ನು ಕೂಡಿಸಿ ಮತ್ತೆ ಸೊನ್ನೆ ಕೊಡಬಹುದು. ಅರ್ಥಿಂಗ್ ಇಲ್ಲದ ಪ್ಲಗ್ಗಿನಲ್ಲಿ ಮಷಿನ್ ಓಡಿಸಬ್ಯಾಡ್ರಿ.

ತಿರುಗುವ ಚಕ್ಕಿನ ಹತ್ತಿರ ಟವೆಲ್ಲು, ಸಡಿಲ ತೋಳು, ಕೈಗವಸು ಬೇಡವೇ ಬೇಡ. ಕಣ್ಣಿಗೆ ಕನ್ನಡಕ ಇರಲಿ. ಚಕ್ಕಿನ ಕೀ ತೆಗೆದಿಟ್ಟ ಮೇಲೆಯೇ ಸ್ಟಾರ್ಟ್ ಒತ್ತಿರಿ.

ಹೊಲಕ್ಕೆ ಹೋಗುವ ಮೊದಲು ಎರಡು ಪರೀಕ್ಷೆ

ಎಣಿಕೆ ಪರೀಕ್ಷೆ: ಡ್ರಿಲ್ಲನ್ನು ಜಾಕ್ ಮೇಲೆ ಎತ್ತಿ, ಪ್ರತಿ ಕೊಳವೆಗೆ ಚೀಲ ಕಟ್ಟಿ, ಗಾಲಿಯನ್ನು ಕೈಯಿಂದ 20 ಸುತ್ತು ತಿರುಗಿಸ್ರಿ. ರೋಲರ್ 10 ಸುತ್ತು, ಅಂದರೆ ಪ್ರತಿ ಚೀಲದಲ್ಲಿ 130 ಕಾಳು ಇರಬೇಕು. ಕಡಿಮೆ ಬಂದರೆ ಕುಳಿ ಚಿಕ್ಕದು ಇಲ್ಲವೇ ಬ್ರಷ್ ಬಿಗಿ. ಹೆಚ್ಚು ಬಂದರೆ ಕುಳಿ ಆಳ. ಒಡೆದ ಕಾಳು ಎಷ್ಟು ಅಂತಲೂ ಎಣಿಸ್ರಿ.

ಅಂತರ ಪರೀಕ್ಷೆ: ಒಂದು ಕುಳಿ ಖಾಲಿ ಹೋಗಿ ಇನ್ನೊಂದರಲ್ಲಿ ಎರಡು ಬಿದ್ದರೂ ಒಟ್ಟು 130 ಬರಬಹುದು. ಅದಕ್ಕೆ ತಾಡಪಾಲಿನ ಮೇಲೆ ಹಸಿ ಮರಳು ಹರಡಿ, ಬಿತ್ತುವ ವೇಗದಲ್ಲೇ ಡ್ರಿಲ್ ಎಳೆದು ಕಾಳಿನಿಂದ ಕಾಳಿಗೆ ಟೇಪ್ ಹಿಡೀರಿ. 13ರಲ್ಲಿ ಒಂದೇ ಕುಳಿ ಸದಾ ಖಾಲಿ ಹೋದರೂ ಎಕರೆಗೆ ಸುಮಾರು 2,700 ಕಾಳು ಕಡಿಮೆ ಬಿದ್ದ ಹಾಗೆ.

ಈ ಎರಡೂ ಪರೀಕ್ಷೆ ರೋಹಿಣಿ ಮಳೆಗೂ ಮೊದಲೇ, ಬ್ಯಾಸಗಿಯೊಳಗೇ ಮುಗಿಯಲಿ. ಹಳೆಯ ರೋಲರನ್ನು ಎಸೀಬ್ಯಾಡ್ರಿ. ಹೊಸದು ಎರಡು ಎಕರೆಯಲ್ಲಿ ಸೈ ಅನಿಸಿದ ಮೇಲೆಯೇ ಉಳಿದ ಹೊಲಕ್ಕೆ ಇಳಿಸ್ರಿ.

ಒಬ್ಬರೇ ಕೊಳ್ಳುವ ಬದಲು ನಾಲ್ಕೈದು ಗೆಳೆಯರು ಸೇರಿ ಒಂದು ಮಷಿನ್ ತಗೊಂಡರೆ ಭಾರ ಆಗುವುದಿಲ್ಲ. ಕೊಳ್ಳುವ ಮೊದಲು ಸಿಎನ್‌ಸಿ ಮುಟ್ಟಿ ನೋಡಬೇಕು ಅನ್ನುವವರು ಹತ್ತಿರದ ಸರ್ಕಾರಿ ಐಟಿಐಗೆ ಹೋಗಿ ಕೇಳ್ರಿ. 2022ರಲ್ಲಿ ರಾಜ್ಯದ 150 ಐಟಿಐಗಳನ್ನು ಹೊಸ ಯಂತ್ರ ಕೊಟ್ಟು ಮೇಲ್ದರ್ಜೆಗೆ ಏರಿಸಲಾಗಿದೆ. ನಿಮ್ಮ ತಾಲ್ಲೂಕಿನದ್ದು ಅದರಲ್ಲಿದೆಯೇ ವಿಚಾರಿಸ್ರಿ. ಅಂತರ, ಬೀಜದ ಪ್ರಮಾಣದ ಬಗ್ಗೆ ಅನುಮಾನ ಇದ್ದರೆ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರ ಇದೆ.

ಈ ವಾರ ಮಾಡಬೇಕಾದ್ದು ಒಂದೇ: ಡ್ರಿಲ್ಲಿನ ಪೆಟ್ಟಿಗೆ ಬಿಚ್ಚಿ ಒಳಗಿರುವುದು ಪ್ಲೇಟೋ ರೋಲರೋ ನೋಡ್ರಿ, ಕುಳಿ ಎಣಿಸ್ರಿ, ಗಾಲಿಯನ್ನು ಹತ್ತು ಸುತ್ತು ಉರುಳಿಸಿ ಅಳೀರಿ. ಆ ಮೂರು ಲೆಕ್ಕ ಕೈಯಲ್ಲಿದ್ದರೆ ರೋಟರಿ ಬೇಕೋ ಬೇಡವೋ ಎಂಬುದನ್ನು ಅಂಗಡಿಯವರಿಂದ ಕೇಳುವ ಪ್ರಸಂಗ ಬರುವುದಿಲ್ಲ.